ಕಸರತ್ತಿನ ಪುಸ್ತಕದ ಸಾವಕಾರರು

ನಮ್ಮ ಎದುರು ಮನೆಯ ಸಾವಕಾರರು ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂತಾಗಲೆಲ್ಲ ನನ್ನೊಳಗಿಂದ ಮೊದಲು ಎದ್ದು ಬರುವುದು ದುಃಖವಲ್ಲ, ಹೊಟ್ಟೆಕಿಚ್ಚು. ಸತ್ತವರ ಮೇಲೆ ಹೊಟ್ಟೆಕಿಚ್ಚು ಇಟ್ಟುಕೊಳ್ಳಬಾರದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರುವುದು ಅದೇ ಆದಮೇಲೆ ಅದನ್ನು ಇಟ್ಟುಕೊಂಡೇ ಬರೆಯಬೇಕು.

ಬನಹಟ್ಟಿಯಲ್ಲಿ ಅವರದು ನೂಲಿನ ಅಂಗಡಿ. ಮಗ್ಗದವರು ನೂಲು ಒಯ್ಯಲು ಬೆಳಿಗ್ಗೆ ಬರುತ್ತಿದ್ದರು, ಇಲ್ಲವೇ ಸಂಜೆ. ನಡುವಿನ ಹೊತ್ತೆಲ್ಲ ಅವರು ಓದುತ್ತಿದ್ದರು. ಓದುತ್ತಿದ್ದುದು ಒಂದೇ ಬಗೆಯ ಪುಸ್ತಕ. ಏನು ಉಣ್ಣಬೇಕು, ಏನು ಬಿಡಬೇಕು, ಹೇಗೆ ನಡೆಯಬೇಕು, ಹೇಗೆ ಉಸಿರಾಡಬೇಕು, ತೋಳು ಗಟ್ಟಿಯಾಗುವುದು ಹೇಗೆ, ಹೊಟ್ಟೆ ಕರಗುವುದು ಹೇಗೆ, ಇಂಥವು. ಕನ್ನಡ, ಮರಾಠಿ, ಇಂಗ್ಲಿಷು, ಯಾವುದಾದರೂ ಸರಿ. ನೂಲಿನ ವ್ಯವಹಾರಕ್ಕೆಂದು ಇಚಲಕರಂಜಿಗೆ ಹೋದಾಗಲೆಲ್ಲ ಬರುವಾಗ ಸಾಂಗಲಿಯಲ್ಲಿ ಇಳಿದು ಹಳೆಯ ಪುಸ್ತಕದ ಅಂಗಡಿಗಳನ್ನು ಸುತ್ತಿ ಚೀಲ ತುಂಬಿಕೊಂಡು ಬರುತ್ತಿದ್ದರು.

ಅವರು ಓದುವುದನ್ನು ನೋಡಬೇಕಿತ್ತು. ಕನ್ನಡಕವನ್ನು ಹಣೆಗೇರಿಸಿ ಪುಸ್ತಕವನ್ನು ಮೂಗಿನ ಹತ್ತಿರಕ್ಕೆ ತಂದುಕೊಳ್ಳುವರು. ಸ್ವಲ್ಪ ಹೊತ್ತಿನಲ್ಲಿ ಅವರ ಮೈ ಅವರಿಗೇ ತಿಳಿಯದ ಹಾಗೆ ಪುಸ್ತಕದ ಮಾತು ಕೇಳತೊಡಗುವುದು. ಹೆಗಲಿನ ವಿಷಯ ಬಂದರೆ ಹೆಗಲು ಮಿಸುಕುವುದು, ಉಸಿರಿನ ವಿಷಯ ಬಂದರೆ ಮೂಗಿನ ಹೊಳ್ಳೆ ಅರಳುವುದು. ಗಿರಾಕಿ ಬಂದು ನಿಂತು ಕೆಮ್ಮಿದರೆ, ಎಳೆದುಕೊಂಡ ಉಸಿರನ್ನು ನಿಧಾನವಾಗಿ ಬಿಟ್ಟು ಮುಗಿಸಿ, ಆಮೇಲೆ "ಎಷ್ಟನೇ ನಂಬರಿನ ನೂಲ ಬೇಕ್ರಿ?" ಎಂದು ಕೇಳುವರು. ಅವರ ಮೈ ಮಾತ್ರ ಕಡ್ಡಿಯಂತೆ. ಅಂಗಿ ಗೂಟಕ್ಕೆ ಹಾಕಿದ ಹಾಗೆ ಮೈಮೇಲೆ ತೂಗುತ್ತಿತ್ತು.

ನಾನು ಇದೇ ಊರಿನ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಮೂಲ ಹುನ್ನೂರು. ಅಪ್ಪ ಅಲ್ಲಿ ಗರಡಿಯ ವಸ್ತಾದ, ಹುಡುಗರಿಗೆ ಕುಸ್ತಿ ಕಲಿಸುವವನು. ಕುರಿ, ಹೊಲ ಮನೆತನದ ಕಸುಬಾದರೂ ಅವನ ಜೀವವೆಲ್ಲ ಬೀರಪ್ಪನ ಗುಡಿಯ ಹಿಂದಿನ ಗರಡಿಯ ಕೆಮ್ಮಣ್ಣಿನಲ್ಲಿತ್ತು. ಅಪ್ಪನ ಒದೆತಕ್ಕೆ ಹೆದರಿ ಆ ಮಣ್ಣಿನಲ್ಲಿ ಬಿದ್ದು ಎದ್ದು ಬೆಳೆದವನು ನಾನು, ಅದನ್ನು ಇಂದಿಗೂ ಕಂಡವರ ಮುಂದೆ ಬೈದುಕೊಳ್ಳುತ್ತೇನೆ. ಅಪ್ಪ ನನ್ನನ್ನು ಹೊಗಳಿದ್ದು ಮಾತ್ರ ನೆನಪಿಲ್ಲ. ಮುಧೋಳದಲ್ಲಿ ಒಂದು ದೊಡ್ಡ ಕುಸ್ತಿ ಗೆದ್ದು, ಹೆಗಲ ಮೇಲೆ ಹೊತ್ತು ಕುಣಿಸಿದ ಜನರಿಂದ ಬಿಡಿಸಿಕೊಂಡು ಅಪ್ಪನ ಮುಂದೆ ಬಂದು ನಿಂತಾಗ ಅವನು ಹೇಳಿದ್ದು ಇಷ್ಟೇ: "ಎಡಗಾಲ ಹಿಂದ ಉಳೀತು."

ಇಂಥ ನಾನು ಇರುವ ಓಣಿಯಲ್ಲಿ ಜನ ಮೈಕೈ ವಿಷಯ ಕೇಳಲು ಹೋಗುತ್ತಿದ್ದುದು ನೂಲಿನ ಅಂಗಡಿಗೆ. ಮೊಣಕಾಲು ನೋವಿನವರು, ಸಕ್ಕರೆ ಕಾಯಿಲೆಯವರು, ಮದುವೆಗೆ ಮುಂಚೆ ಮೈ ಇಳಿಸಬೇಕೆನ್ನುವ ಹುಡುಗಿಯರ ತಾಯಂದಿರು. ಸಾವಕಾರರು ಯಾರಿಗೂ ಔಷಧ ಹೇಳುತ್ತಿರಲಿಲ್ಲ. "ಮೊದಲ ಡಾಕ್ಟರ್‌ಗ ತೋರಿಸ್ರಿ, ಆಮ್ಯಾಲ ನನ್ನ ಕಡೆ ಬರ್ರಿ" ಎನ್ನುವರು. ಬಂದಮೇಲೆ ಎರಡು ಪುಸ್ತಕ ತೆಗೆದು, ಒಂದು ಹೀಗೆ ಹೇಳುತ್ತದೆ, ಇನ್ನೊಂದು ಹಾಗೆ ಹೇಳುತ್ತದೆ ಎಂದು ಓದಿ ತೋರಿಸಿ, ಕೊನೆಗೆ ಪುಸ್ತಕ ಮುಚ್ಚುವರು. "ಇದನ್ನ ಬರದಾಂವ ನಮ್ಮ ಬಿಸಲಾಗ ಅಡ್ಡಾಡಿಲ್ಲ. ನಮ್ಮ ರೊಟ್ಟಿ ಉಂಡಿಲ್ಲ. ಅದಕ್ಕ ಇದರಾಗ ಅರ್ಧಾ ತಗೋರಿ, ಅರ್ಧಾ ಬಿಡ್ರಿ." ಯಾವ ಅರ್ಧ ತೆಗೆದುಕೊಳ್ಳಬೇಕು ಎಂದು ಕೇಳಿದರೆ, "ಮಾಡಾಕ ತ್ರಾಸ ಆಗೂವಂಥಾದ್ದು" ಎಂದು ನಗುವರು.

ಒಮ್ಮೆ ಯಾವುದೋ ಪುಸ್ತಕದಲ್ಲಿ ಬೆಣ್ಣೆಯಂಥ ತಿರುಳಿನ ಪರದೇಶದ ಹಣ್ಣಿನ ಬಗ್ಗೆ ಓದಿ, ಅದನ್ನು ಹುಡುಕಿಕೊಂಡು ಜಮಖಂಡಿಯ ಪ್ಯಾಟಿಗೆ ಹೋಗಿದ್ದರು. ಹೊರಗೆ ಹಸಿರು, ಒಳಗೆ ದೊಡ್ಡ ಬೀಜ ಎಂದೆಲ್ಲ ಕೈಯಲ್ಲಿ ಆಕಾರ ತೋರಿಸಿ ವಿವರಿಸಿದ್ದಾರೆ. ಹಣ್ಣು ಮಾರುವವಳು ಎಲ್ಲ ಕೇಳಿಸಿಕೊಂಡು, "ಅದರ ಹೆಸರು ಏನರೆ ಇರ್ಲೆಪ್ಪಾ, ಪ್ಯಾರಲ ಹಣ್ಣ ಛಲೋ ಬಂದಾವ, ಒಯ್ಯಿ" ಎಂದಳಂತೆ. ಪೇರಲ ತಂದು ಅಂಗಡಿಗೆ ಬಂದವರಿಗೆಲ್ಲ ಕೊಟ್ಟು ಈ ಕತೆ ಹೇಳಿದರು. ತಮ್ಮ ಮೇಲೆ ತಾವೇ ನಗುವ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ. ಆದರೂ ಪಟ್ಟೆ.

ನಮ್ಮ ಮನೆಯಲ್ಲೇ ನೋಡಿ. ಚಹಾಕ್ಕೆ ಸಕ್ಕರೆ ಕಡಿಮೆ ಮಾಡು ಎಂದು ನಾನು ವರ್ಷಗಟ್ಟಲೆ ಹೇಳಿದ್ದೆ. ಹೆಂಡತಿಯ ಕಿವಿಗೆ ಬಿದ್ದಿರಲಿಲ್ಲ. ಒಂದು ದಿನ ಸಪ್ಪೆ ಚಹಾ ಬಂತು. ಕೇಳಿದರೆ, "ಸಾವಕಾರ್ರು ಪುಸ್ತಕದಾಗಿಂದ ಓದಿ ಹೇಳಿದ್ರು, ಏಕದಂ ಬಿಡಬ್ಯಾಡ್ರಿ, ಸ್ವಲ್ಪ ಸ್ವಲ್ಪ ಬಿಡ್ರಿ ಅಂದ್ರು" ಎಂದಳು.

"ನಾನೂ ಅದನ್ನ ಹೇಳಿದ್ನೆಲ್ಲ."

"ನೀವು ಹೇಳಿದ್ದು ಒದರಿ ಹೇಳಿದ್ರಿ."

ಶಾಲೆಯಲ್ಲೂ ಹೀಗೆಯೇ ಆಯಿತು. ನಮ್ಮ ಹೆಡ್‌ಮಾಸ್ತರು ಮಕ್ಕಳಿಗೆ ಆರೋಗ್ಯದ ಬಗ್ಗೆ ಎರಡು ಮಾತು ಹೇಳಲು ಕರೆದದ್ದು ಸಾವಕಾರರನ್ನು. ದಿನಾ ಮಕ್ಕಳನ್ನು ಮೈದಾನದಲ್ಲಿ ಓಡಿಸುವ ನಾನು ವೇದಿಕೆಯ ಕೆಳಗೆ ಸೀಟಿ ಕೊರಳಿಗೆ ಹಾಕಿಕೊಂಡು ನಿಂತಿದ್ದೆ. ಅವರು ಜೋಳದ ರೊಟ್ಟಿ, ಹೆಸರಕಾಳು, ನಿದ್ದೆ, ನಡಿಗೆ ಎಂದು ಮಾತಾಡಿದರು. ಮಕ್ಕಳು ಸದ್ದಿಲ್ಲದೆ ಕೇಳಿದರು, ನನ್ನ ಸೀಟಿಗೆ ಎಂದೂ ಅಷ್ಟು ಸುಮ್ಮನಾದವರಲ್ಲ. ಕೊನೆಯಲ್ಲಿ ಹೆಡ್‌ಮಾಸ್ತರು, ಒಂದು ಸೂರ್ಯನಮಸ್ಕಾರ ಮಾಡಿ ತೋರಿಸಿ ಎಂದರು. ಸಾವಕಾರರು ಕೈಮುಗಿದರು.

"ನಾ ಬರೇ ಓದಾಂವರಿ. ಮಾಡೂದು ನಿಮ್ಮ ಸರ್ ಕೆಲಸ. ಅವರ ಮೈ ನೋಡ್ರಿ, ಅದ ಒಂದ ಪುಸ್ತಕ ಐತಿ."

ನಾನು ವೇದಿಕೆ ಹತ್ತಿ ಮಾಡಿ ತೋರಿಸಿದೆ. ಚಪ್ಪಾಳೆ ಬಿತ್ತು. ಆದರೆ ಅವರು ಓದುವ ಪಾಠಕ್ಕೆ ನಾನು ಚಿತ್ರವಾದೆ ಎನ್ನಿಸಿ ಬೆವರಿಗಿಂತ ಹೆಚ್ಚು ಅದು ಉರಿಯಿತು.

ಒಂದು ಅನುಮಾನವೂ ಇತ್ತು. ಇಷ್ಟು ಓದುವವರು ಒಂದು ಬಸ್ಕಿ ಹೊಡೆದದ್ದನ್ನು ಯಾರೂ ನೋಡಿರಲಿಲ್ಲ. ನಡೆಯುವುದು ನಿಧಾನ. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆಯ ಮೇಲಿನ ಕ್ಯಾಲೆಂಡರು ನೋಡುವರು. ಓಣಿಯ ಹುಡುಗರು, ಈಗ ಎಲ್ಲ ಫೋನಿನಲ್ಲೇ ಬರುತ್ತದೆ, ಮಾಡುವುದನ್ನೇ ತೋರಿಸುತ್ತಾರೆ, ಪುಸ್ತಕ ಯಾಕೆ ಎಂದು ಕೇಳಿದ್ದರು. "ಫೋನಿನ್ಯಾಗಿನಾಂವ ನನ್ನ ಬಿಟ್ಟ ಮುಂದ ಓಡತಾನಪಾ. ಪುಸ್ತಕಾ ಹಂಗಲ್ಲ, ನಾ ನಿಂತರ ಅದೂ ನಿಲ್ಲತೈತಿ" ಎಂದರಂತೆ. ಕೇಳಿ ನಾನು ಮನಸ್ಸಿನಲ್ಲೇ ಸೋಮಾರಿ ಎಂದುಕೊಂಡಿದ್ದೆ.

ಅಪ್ಪನಿಗೆ ಲಕ್ವಾ ಹೊಡೆದದ್ದು ಎರಡು ವರ್ಷದ ಹಿಂದೆ. ಹುನ್ನೂರಿನ ಹೊಲದಲ್ಲಿ ಕಬ್ಬಿಗೆ ನೀರು ತಿರುಗಿಸುತ್ತಿದ್ದವನು ಅಲ್ಲೇ ಕುಸಿದ. ಜಮಖಂಡಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಬಲಭಾಗ ಹೋಯಿತು. ಮಾತು ಅಷ್ಟಿಷ್ಟು ಉಳಿದಿತ್ತು. ಬನಹಟ್ಟಿಗೆ ಕರೆತಂದು ಪಡಸಾಲೆಯಲ್ಲಿ ಮಂಚ ಹಾಕಿದೆವು. ದಿನಾ ಕೈಕಾಲು ಆಡಿಸಿದರೆ ಸುಧಾರಿಸುತ್ತದೆ, ಆಡಿಸದಿದ್ದರೆ ಇದ್ದಷ್ಟೂ ಹೋಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಇದು ನನ್ನ ಕೆಲಸ ಎಂದುಕೊಂಡೆ. ಜೀವಮಾನವೆಲ್ಲ ಕಲಿತದ್ದು, ಕಲಿಸಿದ್ದು ಇದೇ. ಮೊದಲ ದಿನ ಅಪ್ಪನ ಬಲಗೈ ಹಿಡಿದು ಎತ್ತಲು ಹೋದಾಗ ಅವನು ಎಡಗೈಯಿಂದ ನನ್ನ ಕೈಯನ್ನು ತಳ್ಳಿದ.

"ನಾ ನಿನಗ ಕಲಿಸಿದಾಂವ. ನೀ ನನಗ ಕಲಿಸ್ತಿ?"

"ಕಲಿಸೂದಲ್ಲೋ ಯಪ್ಪಾ. ಡಾಕ್ಟರ್ ಹೇಳ್ಯಾರ."

"ಬಿಡು ಕೈ."

ಬಿಡದೆ ಇದ್ದರೆ ಮುಖ ಗೋಡೆಗೆ ತಿರುಗಿಸುವನು. ಕೈಕಾಲು ಆಡಿಸಲು ಮನೆಗೆ ಕರೆಸಿದ ಹುಡುಗ ಕೆಲವು ದಿನ ಬಂದ. ಅವನು ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಅಪ್ಪ ಅಂಗಳಕ್ಕೆ ಎಸೆದ. ಬಲಗೈ ದಿನದಿನಕ್ಕೆ ಮಡಚಿಕೊಂಡು ಎದೆಗೆ ಅಂಟತೊಡಗಿತ್ತು. ಕುಸ್ತಿಯ ಪಟ್ಟು ಹಾಕಿದ ಆ ಕೈಯನ್ನು ನೋಡಿ ನಾನು ಶಾಲೆಗೆ ಹೋಗುತ್ತಿದ್ದೆ, ಬಂದು ಮತ್ತೆ ನೋಡುತ್ತಿದ್ದೆ.

ಆಗ ಸಾವಕಾರರು ಬಂದರು. ಬಗಲಲ್ಲಿ ದಪ್ಪದೊಂದು ಪುಸ್ತಕ. ಅಪ್ಪನಿಗೆ ಹೇಗಿದ್ದೀರಿ ಎಂದು ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ಹಣೆಗೇರಿಸಿ, ಪುಸ್ತಕ ತೆರೆದರು.

"ವಸ್ತಾದರ, ನಂದೊಂದ ಸಂಶೇ ಐತ್ರಿ. ಈ ಊರಾಗ ನಿಮ್ಮನ್ನ ಬಿಟ್ಟರ ಇದನ್ನ ಕೇಳಾಕ ಯಾರೂ ಇಲ್ಲ. ಹೆಗಲ ಗಟ್ಟಿ ಆಗಬೇಕಂದ್ರ ತೋಳ ಹಿಂದಿಂದ ಮುಂದಕ್ಕ ಜಗ್ಗಬೇಕು ಅಂತ ಇದರಾಗ ಬರದಾರ. ಖರೆ ಏನ್ರಿ?"

ಅಪ್ಪ ಗೋಡೆಯಿಂದ ಮುಖ ತಿರುಗಿಸಿದ. ಅಕ್ಷರ ಕಲಿಯದ ಮನುಷ್ಯ. ಪುಸ್ತಕವನ್ನು, ಅದನ್ನು ಹಿಡಿದ ಕಡ್ಡಿಯಂಥ ಕೈಯನ್ನು ನೋಡಿದ.

"ಸುಳ್ಳ," ಎಂದ. "ಹಂಗ ಜಗ್ಗಿದ್ರ ಕೀಲ ತಪ್ಪತೈತಿ."

"ಹಂಗಾರ ಹೆಂಗ್ರಿ?"

ಅಪ್ಪ ಎಡಗೈಯಲ್ಲಿ ತೋರಿಸಿದ. ಸಾವಕಾರರು ತಲೆ ಕೆರೆದುಕೊಂಡು, "ಬಲಗೈದು ಬ್ಯಾರೆ ಇರಬೇಕಲ್ರಿ?" ಎಂದರು. ಅಪ್ಪ ಎಡಗೈಯಿಂದ ಬಲಗೈಯನ್ನು ಹಿಡಿದು, ಹಲ್ಲು ಕಚ್ಚಿ, ಒಂದಿಷ್ಟು ಮೇಲೆತ್ತಿದ. "ಹಿಂಗ. ಮೊಳಕೈ ಒಳಗ ಇರಬೇಕು. ಬರಕೋ ನಿನ್ನ ಪುಸ್ತಕದಾಗ."

ಅಂದಿನಿಂದ ದಿನಾ ಮುಂಜಾನೆ ಅಂಗಡಿ ತೆರೆಯುವ ಮುಂಚೆ ಅವರು ಬರತೊಡಗಿದರು. ಒಂದು ದಿನ ಬೆರಳಿನ ಸಂಶಯ, ಒಂದು ದಿನ ಮೊಣಕಾಲಿನದು, ಒಂದು ದಿನ ಎದ್ದು ನಿಲ್ಲುವಾಗ ಭಾರ ಯಾವ ಕಾಲಿನ ಮೇಲಿರಬೇಕು ಎಂಬುದು. ಎಲ್ಲದರಲ್ಲೂ ಪುಸ್ತಕದ್ದು ತಪ್ಪೇ. ಎಲ್ಲವನ್ನೂ ಅಪ್ಪ ಬೈದು, ಮಾಡಿ ತೋರಿಸಿ ತಿದ್ದುವನು. ಇಂಥ ಹುಚ್ಚು ಪುಸ್ತಕವನ್ನು ಯಾರು ಬರೆದಿದ್ದಾರೆಂದು ನೋಡಲು ಒಂದು ದಿನ ನಾನು ಚಹಾ ಕೊಡುವ ನೆಪದಲ್ಲಿ ಅವರ ಹಿಂದೆ ಹೋಗಿ ಇಣುಕಿದೆ. ಅವರು ಹಿಮ್ಮಡಿ ಎತ್ತುವ ಬಗೆಯನ್ನು ಗಂಭೀರವಾಗಿ ಓದುತ್ತಿದ್ದರು. ತೆರೆದ ಪುಟದಲ್ಲಿ ಇದ್ದುದು ಒಂದು ಬಟ್ಟಲು ತರಕಾರಿಯ ಸಾರಿನ ಚಿತ್ರ. ನನ್ನನ್ನು ನೋಡಿ ಪುಟ ತಿರುವಿದರು. ಅಲ್ಲಿ ಸೌತೆಕಾಯಿ ಇತ್ತು.

ನಾನು ಹೊರಗೆ ಬಂದು ಅಂಗಳದಲ್ಲಿ ನಿಂತೆ. ಒಳಗೆ ಅಪ್ಪ ನಗುತ್ತಿದ್ದ. ಗರಡಿಯಲ್ಲೂ ಮನೆಯಲ್ಲೂ ನಾನು ಕೇಳದ ನಗು ಅದು, ಅರ್ಧ ಬಾಯಿಯ ನಗು. ಸಂತೋಷಪಡಬೇಕಾದ ಹೊತ್ತು. ಸಂತೋಷವೂ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಉಪಾಯ ನನಗೆ ಯಾಕೆ ಹೊಳೆಯಲಿಲ್ಲ ಎಂದು ಎದೆಯಲ್ಲಿ ಕೆಂಡ ಇಟ್ಟಂತಾಯಿತು. ವಸ್ತಾದನ ಮಗ ನಾನು. ಅವನಿಗೆ ಹೇಳಿಸಿಕೊಳ್ಳುವುದಲ್ಲ, ಹೇಳುವುದು ಬೇಕು ಎಂಬುದು ನನಗಲ್ಲವೇ ಗೊತ್ತಿರಬೇಕಾದದ್ದು?

ಅಪ್ಪ ಮುಂಜಾನೆ ಬೇಗ ಎದ್ದು ತಲೆಗೆ ರುಮಾಲು ಸುತ್ತಿಸಿಕೊಂಡು ಬಾಗಿಲ ಕಡೆ ನೋಡುತ್ತ ಕೂರುವನು. ಸಾವಕಾರರು ತಡಮಾಡಿದರೆ, "ಅಂವಾ ಎಲ್ಲಿ?" ಎಂದು ನನ್ನನ್ನು ಗದರುವನು. ನಾನು ಸಂಜೆ ಶಾಲೆಯಿಂದ ಬಂದರೆ ತಲೆ ಎತ್ತಿ ನೋಡುವನು ಅಷ್ಟೇ.

ಆ ಚಳಿಗಾಲ ಮಕ್ಕಳನ್ನು ಕರೆದುಕೊಂಡು ಮುಧೋಳಕ್ಕೆ ಆಟೋಟಕ್ಕೆ ಹೋಗಿದ್ದೆ. ನಮ್ಮ ಹುಡುಗಿಯರು ಖೋಖೋ ಗೆದ್ದರು. ಕಪ್ಪು ಹಿಡಿದುಕೊಂಡು ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಕಣ್ಣು ತುಂಬಿತ್ತು.

"ಮಾಮಾರು ಇವತ್ತ ಬಲಗೈಲೆ ಚಾದ ಕಪ್ಪ ಎತ್ತಿ ಕುಡದ್ರು."

"ಯಾವಾಗ?"

"ಮುಂಜಾನೆ. ಸಾವಕಾರ್ರ ಇದ್ರು."

ಒಳಗೆ ಹೋಗಿ ಅಪ್ಪನಿಗೆ, ಇನ್ನೊಮ್ಮೆ ಎತ್ತಿ ತೋರಿಸು ಎಂದೆ. "ದಣದೇನಿ" ಎಂದ. "ನಾಳೆ ಸಾವಕಾರ ಬಂದಾಗ ನೋಡು." ಕೈಯಲ್ಲಿದ್ದ ಖೋಖೋದ ಕಪ್ಪನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಮರುದಿನ ಶಾಲೆಗೆ ರಜೆ ಇತ್ತು. ನೂಲಿನ ಅಂಗಡಿಗೆ ಹೋದೆ. ಥ್ಯಾಂಕ್ಸ್ ಹೇಳಬೇಕೆಂದೇ ಹೋದದ್ದು. ಬಾಯಿಗೆ ಬಂದದ್ದು ಬೇರೆ.

"ಸಾವಕಾರ್ರ, ಇಷ್ಟ ಓದ್ತೀರಿ, ಊರಿಗೆಲ್ಲಾ ಹೇಳ್ತೀರಿ. ನೀವ್ಯಾಕ ಒಂದೂ ಮಾಡೂದಿಲ್ರಿ?"

ಅವರಿಗೆ ಬೇಸರವಾಗಲಿಲ್ಲ. ಪುಸ್ತಕ ಮುಚ್ಚಿ, ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ತೋರಿಸಿದರು. ಎದೆಯ ನಡುವೆ ಕೆಳಗಿನವರೆಗೆ ಹೊಲಿದ ಹಳೆಯ ಗೆರೆ.

"ಸಣ್ಣಾಂವ ಇದ್ದಾಗ ಜ್ವರಾ ಬಂದು ಎದಿ ವಾಲ್ವ್ ಕೆಟ್ಟತ್ರಿ. ದೊಡ್ಡಾಂವ ಆದಮ್ಯಾಲ ಮಿರಜದಾಗ ಕೊಯ್ದರು. ಓಡಬ್ಯಾಡ, ಭಾರಾ ಎತ್ತಬ್ಯಾಡ, ಜೋರ ನಡಿಬ್ಯಾಡ ಅಂದ್ರು. ಅದಕ್ಕೂ ಮೊದಲಿಂದ ನಮ್ಮ ಅಪ್ಪಾರು ನನ್ನ ಅಂಗಳಕ್ಕ ಸುದ್ಧಾ ಬಿಡ್ತಿರಲಿಲ್ಲ. ಕಟ್ಟಿ ಮ್ಯಾಲ ಕುಂತ ಹುಡುಗೂರು ಆಡೂದು ನೋಡ್ತಿದ್ದೆ. ಆಮ್ಯಾಲ ಪುಸ್ತಕಾ ಸಿಕ್ಕವು. ಓದಿದ್ರ ಮೈಯಾಗ ಏನೋ ಒಂಥರಾ ಆಗತೈತ್ರಿ, ಮಾಡಿದಂಗ."

ಅವರು ಗುಂಡಿ ಹಾಕಿಕೊಂಡರು. ಆಮೇಲೆ ಮುಂದುವರಿಸಿದರು.

"ಒಂದ ಖರೆ ಹೇಳ್ಲಿ, ಮಾಸ್ತರ? ದಿನಾ ಮುಂಜಾನೆ ನೀವು ಗ್ರೌಂಡಿಗೆ ಓಡಕೋಂತ ಹೋಗ್ತಿದ್ರೆಲ್ಲ, ನಾ ಮ್ಯಾಲಿನ ಕಿಟಕ್ಯಾಗ ನಿಂತ ನೋಡ್ತಿದ್ದೆ. ಹೊಟ್ಟಿ ಹಂಗ ಉರೀತಿತ್ರಿ. ಇವನ್ನ ಅಪ್ಪ ಒದ್ದ ಗರಡಿಗೆ ಕಳಿಸ್ಯಾನ, ಇಂವಾ ಅದನ್ನ ಬೈಕೋಂತ ಅಡ್ಡಾಡ್ತಾನ ಅಂತ."

ಹೇಳಿ ನಕ್ಕರು. ಚಹಾ ಹೇಳಿ ಕಳಿಸಿದರು, ಸಕ್ಕರೆ ಇಲ್ಲದ್ದು. ನೂಲಿನ ಮೂಟೆಗಳ ನಡುವೆ ಇಬ್ಬರೂ ಕೂತು ಕುಡಿದೆವು. ಅವರ ಹೊಟ್ಟೆಕಿಚ್ಚು ತಿಳಿದ ಮೇಲೆ ನನ್ನದು ಆರಬೇಕಿತ್ತು. ಅದು ಹಾಗೆ ಆರುವಂಥದ್ದಲ್ಲ. ನನ್ನ ಕಾಲುಗಳ ಮೇಲೆ ಅವರಿಗೆ ಆಸೆ ಇತ್ತು, ಸರಿ. ನನಗೆ ಬೇಕಾಗಿದ್ದುದು ದಿನಾ ಮುಂಜಾನೆ ನನ್ನ ಅಪ್ಪ ಅವರಿಗಾಗಿ ಬಾಗಿಲು ಕಾಯುವ ಆ ನೋಟ. ಯಾರದನ್ನೂ ಯಾರಿಗೂ ಕೊಡಲು ಬರುವಂತಿರಲಿಲ್ಲ.

ಯುಗಾದಿ ಕಳೆದ ಮೇಲೆ ಅವರ ಕಾಲಿಗೆ ಬಾವು ಬರತೊಡಗಿತು. ಆದರೂ ಬರುತ್ತಿದ್ದರು. ರಸ್ತೆ ದಾಟಿ ನಮ್ಮ ಪಡಸಾಲೆಗೆ ಬಂದು ಕೂತಮೇಲೆ ಉಸಿರು ಸರಿಹೋಗಲು ಹೊತ್ತು ಬೇಕಾಗುತ್ತಿತ್ತು. ಆ ಹೊತ್ತನ್ನು ಪುಟ ಹುಡುಕುವ ನೆಪದಲ್ಲಿ ಕಳೆಯುತ್ತಿದ್ದರು. ಅಪ್ಪ ಆಗ ಕೋಲು ಹಿಡಿದು ಪಡಸಾಲೆಯಿಂದ ಅಂಗಳದ ಗೇಟಿನವರೆಗೆ ನಡೆಯುತ್ತಿದ್ದ. ಗೇಟು ದಾಟುತ್ತಿರಲಿಲ್ಲ. ಕುಂಟುವುದನ್ನು ಓಣಿಯ ಜನ ನೋಡುವುದು ಆ ಹಳೆಯ ಪೈಲ್ವಾನನಿಗೆ ಬೇಡವಾಗಿತ್ತು. ದಾಟೋಣ ಬಾ ಎಂದು ನಾನು ಕರೆದಷ್ಟೂ ಸಲ, "ನಿನಗ ತಿಳಿಯೂದಿಲ್ಲ" ಎನ್ನುತ್ತಿದ್ದ.

ಒಂದು ಮುಂಜಾನೆ ಸಾವಕಾರರು ಬರಲಿಲ್ಲ. ಎದುರು ಮನೆಯಿಂದ ಅಳು ಕೇಳಿಸಿತು. ನಿದ್ದೆಯಲ್ಲೇ ಹೋಗಿದ್ದರು.

ಅವರ ಮನೆಯ ಪಡಸಾಲೆಯಲ್ಲಿ, ಅವರ ಜನರಲ್ಲಿ ಸತ್ತವರಿಗೆ ಮಾಡುವ ಹಾಗೆ, ಸಾವಕಾರರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಹೂವು. ಕೂತ ಭಂಗಿ ಅಂಗಡಿಯಲ್ಲಿ ಕೂತ ಹಾಗೆಯೇ ಇತ್ತು, ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ನೋಡಿಕೊಂಡು ಬಂದು ಅಪ್ಪನಿಗೆ ಹೇಳಿದೆ. ಅವನು ಎಡಗೈಯಿಂದ ಮಂಚದ ಮೇಲಿನ ರುಮಾಲು ಎಳೆದುಕೊಂಡ. "ರುಮಾಲ ಸುತ್ತು" ಎಂದ. ಸುತ್ತಿದೆ. ಕೋಲು ತೆಗೆದುಕೊಂಡ. ಅಂಗಳ ದಾಟಿದ. ಗೇಟಿನ ಹತ್ತಿರ ನಿಲ್ಲುತ್ತಾನೆಂದು ನಾನು ಹಿಂದೆಯೇ ಹೋದೆ. ನಿಲ್ಲಲಿಲ್ಲ.

ರಸ್ತೆಯಲ್ಲಿ ಜನ ತುಂಬಿತ್ತು. ಮಗ್ಗದವರು, ವ್ಯಾಪಾರಸ್ಥರು, ಅವರ ಹತ್ತಿರ ಮೊಣಕಾಲಿಗೂ ಹೊಟ್ಟೆಗೂ ಮಾತು ಕೇಳಿ ಹೋದ ಹೆಂಗಸರು. ಅಪ್ಪ ಎಲ್ಲರ ನಡುವೆ ಬಲಗಾಲು ಎಳೆಯುತ್ತ ನಡೆದ. ಒಂದು ಆಟೋ ನಿಂತು ದಾರಿ ಬಿಟ್ಟಿತು. ಅವರ ಮನೆಯ ಕಟ್ಟೆಯ ಹತ್ತಿರ ಕೂತಿದ್ದ ನೂಲಿನ ದಲಾಲಿಯೊಬ್ಬ ಪಕ್ಕದವನಿಗೆ ಹೇಳುತ್ತಿದ್ದ.

"ಆಯುಷ್ಯದಾಗೆಲ್ಲಾ ಹೆಲ್ತಿನ ಪುಸ್ತಕಾ ಓದಿದಾ. ಅಷ್ಟ ಓದಿ ಏನಾತು?"

ಅಪ್ಪ ನಿಂತ. ಮಾತು ತೊದಲುತ್ತಿತ್ತು, ಆದರೂ ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ.

"ನಾ ನಡಕೋಂತ ಬಂದೇನಿ ನೋಡು. ಅದಾತು."

ದಲಾಲಿ ಎದ್ದು ದಾರಿ ಬಿಟ್ಟ. ಅಪ್ಪ ಒಳಗೆ ಹೋಗಿ ಸಾವಕಾರರ ಎದುರು ನಿಂತು ಕೋಲನ್ನು ನನ್ನ ಕೈಗೆ ಕೊಟ್ಟ. ಗರಡಿಯಲ್ಲಿ ಶಿಷ್ಯ ವಸ್ತಾದನಿಗೆ ಸಲಾಮಿ ಕೊಡುವ ಒಂದು ರೀತಿ ಇದೆ. ಬಗ್ಗಿ ಬಲಗೈಯಿಂದ ಮಣ್ಣು ಮುಟ್ಟಿ, ಆ ಕೈಯನ್ನು ಎದೆಗೆ, ಆಮೇಲೆ ಹಣೆಗೆ ತರಬೇಕು. ಅಪ್ಪನಿಗೆ ಬಗ್ಗಲಾಗಲಿಲ್ಲ. ಎಡಗೈಯಿಂದ ನನ್ನ ಹೆಗಲು ಹಿಡಿದುಕೊಂಡು ಬಲಗೈಯನ್ನು ಮೊಣಕಾಲಿನವರೆಗೆ ಇಳಿಸಿದ. ಅಲ್ಲಿಂದ ಎದೆಗೆ ತಂದ. ಎದೆಯಿಂದ ಹಣೆಗೆ ಹೋಗುವಷ್ಟರಲ್ಲಿ ಕೈ ದಾರಿ ತಪ್ಪಿ ರುಮಾಲಿಗೆ ತಾಗಿತು.

ಆ ಸಲಾಮಿಯನ್ನು ನಾನು ಅಪ್ಪನಿಗೆ ಬಾಲ್ಯವೆಲ್ಲ ಕೊಟ್ಟಿದ್ದೇನೆ. ಅವನು ಇನ್ನೊಬ್ಬರಿಗೆ ಕೊಟ್ಟದ್ದನ್ನು ನೋಡಿದ್ದು ಅದೊಂದೇ ಸಲ. ಅವನ ಭಾರವೆಲ್ಲ ನನ್ನ ಹೆಗಲ ಮೇಲಿತ್ತು, ಅವನ ಕಣ್ಣು ಅವರ ಮುಖದ ಮೇಲಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ದುಃಖಕ್ಕೆ ಅಳುತ್ತಿದ್ದೇನೆಂದು ತಿಳಿದು ಯಾರೋ ನನ್ನ ಬೆನ್ನು ಸವರಿದರು. ಅರ್ಧ ಅದೂ ಇತ್ತು.